ಬೆದರಿದ ಮಗುವಿಗೊಂದು ನೂಲಿನ ಗೊಂಬೆ



ಬೀದರ್ ಸೀಮೆಯ ಎತ್ತರದ ಬಯಲಿನಲ್ಲಿ ಚಳಿ ಕಟುವಾದುದು. ರಾಜ್ಯದ ಕನಿಷ್ಠ ಉಷ್ಣಾಂಶ ಬೀದರಿನಲ್ಲಿ ದಾಖಲಾಯಿತೆಂಬ ಸುದ್ದಿಯನ್ನು ಅನೇಕ ವರ್ಷಗಳ ಡಿಸೆಂಬರ್ ತಿಂಗಳಲ್ಲಿ ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಮಂಠಾಳ, ಬಸವಕಲ್ಯಾಣ, ಹುಮನಾಬಾದ್‌ಗಳ ಮನೆಗಳಲ್ಲಿ ಪೆಟ್ಟಿಗೆಯ ತಳದಿಂದ ಕೌದಿಗಳೂ ಉಣ್ಣೆಯ ಅಂಗಿಗಳೂ ಹೊರಬರುವ ಕಾಲವಿದು. ನಮ್ಮ ಕುಟುಂಬಗಳಿಗೆ ಇದು ಆಗಮನ ಕಾಲವೂ ಹೌದು. ಕ್ರಿಸ್ತಜಯಂತಿಯ ಸಿದ್ಧತೆಯೊಡನೆ, ಈ ವರ್ಷ ಯಾರಿಗೆ ಏನನ್ನು ಕೊಡೋಣ ಎಂಬ ಪ್ರಶ್ನೆಯೂ ಮಾತೆಯರ ಸಂಘಗಳಲ್ಲಿ, ಯುವಜನರ ಕೂಟಗಳಲ್ಲಿ ಏಳುತ್ತದೆ. ಕಂಬಳಿ, ಅಕ್ಕಿ, ಸಿಹಿತಿನಿಸು ಇವೇ ಮೊದಲಾದ ಉತ್ತರಗಳು ನಮಗೆ ಪರಿಚಿತ. ಈ ವಾರ ಅಷ್ಟು ಪರಿಚಿತವಲ್ಲದ ಒಂದು ಉತ್ತರವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಕೈಯಿಂದ ಹೆಣೆದ ನೂಲಿನ ಗೊಂಬೆ.

ಯಾವುದೇ ತಾಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಮುಂಜಾನೆಯಿಂದ ಕಾದು ಕುಳಿತ ತಾಯಿಯನ್ನೂ ಆಕೆಯ ಸೆರಗಿನಲ್ಲಿ ಮುಖ ಮರೆಸಿಕೊಂಡ ಮಗುವನ್ನೂ ಕಾಣದವರಾರು? ಸೂಜಿಯ ಹೆಸರು ಕೇಳಿಯೇ ಅಳುವ ಆ ಮಗುವಿಗೆ ಹಿರಿಯರು ಎರಡೇ ಮಾತು ಹೇಳುತ್ತಾರೆ. ಒಂದು, ನೋವಾಗುವುದಿಲ್ಲವೆಂಬ ಸುಳ್ಳು. ಇನ್ನೊಂದು, ಅತ್ತರೆ ಇನ್ನೂ ದೊಡ್ಡ ಸೂಜಿ ಚುಚ್ಚುತ್ತಾರೆಂಬ ಬೆದರಿಕೆ. ಸುಳ್ಳು, ಬೆದರಿಕೆ ಎರಡನ್ನೂ ಬಿಟ್ಟು ಮಗುವಿನ ಕೈಗೆ ಹಿಡಿದುಕೊಳ್ಳಲು ಏನನ್ನಾದರೂ ಕೊಡಬಹುದಲ್ಲವೇ ಎಂಬ ಯೋಚನೆಯಿಂದಲೇ ಲೋಕದ ಹಲವು ಕಡೆಗಳಲ್ಲಿ ಹೆಣಿಗೆ ಬಲ್ಲವರು ಗೊಂಬೆಗಳನ್ನು ಹೆಣೆದು ಆಸ್ಪತ್ರೆಗಳಿಗೂ ನಿರಾಶ್ರಿತರ ಶಿಬಿರಗಳಿಗೂ ಕಳುಹಿಸುತ್ತ ಬಂದಿದ್ದಾರೆ. ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಲುಕಿದ ಮಕ್ಕಳಿಗಾಗಿ ಆಂಬುಲೆನ್ಸ್‌ಗಳಲ್ಲಿ ಹೆಣೆದ ಕರಡಿಮರಿಗಳನ್ನು ಇರಿಸುವ ಪದ್ಧತಿ 1990ರ ಸುಮಾರಿಗೆ ಮೊದಲಾಯಿತು. ಅಲ್ಲಿಯ ರೆಡ್‌ಕ್ರಾಸ್‌ನ ಸ್ವಯಂಸೇವಕರು ಅದನ್ನು ತಮ್ಮದಾಗಿಸಿಕೊಂಡರು.

ಇಂಥ ಗೊಂಬೆಗಳ ಕಥೆಗಳಲ್ಲಿ ಹೃದಯಕ್ಕೆ ಬಹು ಹತ್ತಿರವಾದುದು ಕೆನಡಾ ದೇಶದ್ದು. ಮಾರ್ಕ್ ಇಸ್ಫೆಲ್ಡ್ ಎಂಬ ಯುವ ಯೋಧನು 1990ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಡನೆ ಕ್ರೊಯೇಷಿಯಾದಲ್ಲಿ ನೆಲಬಾಂಬುಗಳನ್ನು ತೆರವು ಮಾಡುವ ಕೆಲಸದಲ್ಲಿದ್ದನು. ಹಾಳುಬಿದ್ದ ಮನೆಯೊಂದರ ಅವಶೇಷಗಳ ನಡುವೆ ಬಿದ್ದಿದ್ದ ಗೊಂಬೆಯ ಚಿತ್ರವನ್ನು ಆತ ಮನೆಗೆ ಕಳುಹಿಸಿದನು. ಆ ಚಿತ್ರವನ್ನು ಕಂಡ ತಾಯಿ ಕ್ಯಾರಲ್ ಅಂಗೈಯಗಲದ ಪುಟ್ಟ ಗೊಂಬೆಗಳನ್ನು ನೂಲಿನಲ್ಲಿ ಹೆಣೆದು ಮಗನಿಗೆ ಕಳುಹಿಸತೊಡಗಿದಳು. ಆತ ಅವುಗಳನ್ನು ಜೇಬಿನಲ್ಲಿರಿಸಿಕೊಂಡು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಕೊಡುತ್ತಿದ್ದನು. 1994ರ ಜೂನ್ 21ರಂದು ಕರ್ತವ್ಯದಲ್ಲಿರುವಾಗಲೇ ನೆಲಬಾಂಬಿನ ಸ್ಫೋಟಕ್ಕೆ ಸಿಲುಕಿ ಮಾರ್ಕ್ ಮಡಿದನು. ತಾಯಿ ಹೆಣಿಗೆಯನ್ನು ನಿಲ್ಲಿಸಲಿಲ್ಲ. ಮಗನ ಸಂಗಡಿಗರು ಆತನ ಅಡ್ಡಹೆಸರನ್ನೇ ಗೊಂಬೆಗೆ ಇಟ್ಟು ಇಜ್ಜಿ ಗೊಂಬೆಯೆಂದು ಕರೆದರು. ತಾವೂ ಕೊಂಡೊಯ್ದು ಹಂಚಿದರು. 2007ರಲ್ಲಿ ಆ ತಾಯಿ ತೀರಿಕೊಂಡ ಮೇಲೂ ಕೆನಡಾದ ಊರೂರುಗಳಲ್ಲಿ ಸಾವಿರಾರು ಕೈಗಳು ಆ ಕೆಲಸವನ್ನು ಮುಂದುವರಿಸಿದವು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಕಾಣದ ನಾಡಿನ ಮಕ್ಕಳಿಗಾಗಿ ಹೆಣೆಯುತ್ತ ಕುಳಿತ ದೃಶ್ಯವನ್ನು ಕಲ್ಪಿಸಿಕೊಂಡರೆ, ಈ ಕೆಲಸವನ್ನು ಕಾಲಹರಣದ ಹವ್ಯಾಸವೆಂದು ತಳ್ಳಿಹಾಕಲು ಮನಸ್ಸು ಒಪ್ಪದು.

ಹಾಗಿದ್ದರೂ ನಮ್ಮ ಓದುಗರಲ್ಲಿ ಕೆಲವರು ಕೇಳಿಯಾರು: ನೂಲಿನ ತುಣುಕೊಂದು ಭಯಗೊಂಡ ಮಗುವಿಗೆ ನಿಜವಾಗಿ ನೆರವಾಗುವುದೇ? ಇದು ಕೇವಲ ಭಾವುಕತೆಯಲ್ಲವೇ?

ನ್ಯಾಯವಾದ ಪ್ರಶ್ನೆ. ಇಂಗ್ಲೆಂಡಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1950ರ ದಶಕದ ಆರಂಭದಲ್ಲಿಯೇ ಇದಕ್ಕೆ ಉತ್ತರದ ದಾರಿಯನ್ನು ತೋರಿದ್ದರು. ಎಳೆಯ ಮಗು ತಾಯಿಯಿಂದ ಸ್ವಲ್ಪ ಸ್ವಲ್ಪವೇ ಬೇರೆಯಾಗಲು ಕಲಿಯುವಾಗ ಒಂದು ಬಟ್ಟೆಯ ತುಂಡನ್ನೋ ಗೊಂಬೆಯನ್ನೋ ಬಿಡದೆ ಹಿಡಿದುಕೊಳ್ಳುತ್ತದೆ. ಅದು ತಾಯಿಯೂ ಅಲ್ಲ, ಬರಿಯ ವಸ್ತುವೂ ಅಲ್ಲ, ಇವೆರಡರ ನಡುವಣ ಸೇತುವೆ ಎಂದರು ಅವರು. ಅಜ್ಜಿಯ ಹಳೆಯ ಸೀರೆಯ ಕೌದಿಯಿಲ್ಲದೆ ನಿದ್ರಿಸದ ಮಗುವನ್ನು ಕಂಡ ನಮ್ಮ ತಾಯಂದಿರಿಗೆ ಈ ಮಾತು ಹೊಸದೇನೂ ಅಲ್ಲ. 1958ರಲ್ಲಿ ಅಮೆರಿಕೆಯ ಹ್ಯಾರಿ ಹಾರ್ಲೊ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ತಾಯಿಯಿಂದ ಅಗಲಿಸಿದ ಕೋತಿಮರಿಗಳು ಹಾಲು ಕೊಡುವ ತಂತಿಯ ಆಕೃತಿಗಿಂತ, ಹಾಲಿಲ್ಲದಿದ್ದರೂ ಮೆತ್ತನೆಯ ಬಟ್ಟೆ ಹೊದಿಸಿದ ಆಕೃತಿಯನ್ನೇ ದಿನದ ಬಹುಪಾಲು ಅಪ್ಪಿಕೊಂಡಿದ್ದವು. ಆ ಪ್ರಯೋಗಗಳಲ್ಲಿದ್ದ ಕ್ರೌರ್ಯವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೂ ಅವು ತಿಳಿಸಿದ ಸತ್ಯ ಉಳಿದುಬಂದಿದೆ: ಎಳೆಯ ಜೀವಕ್ಕೆ ಹೊಟ್ಟೆಯ ಹಸಿವಿನಂತೆಯೇ ಮೆತ್ತನೆಯ ಸ್ಪರ್ಶದ ಹಸಿವೂ ಉಂಟು.

ಇನ್ನೊಂದು ಅನುಭವ ಇದಕ್ಕಿಂತಲೂ ಹೆಚ್ಚು ಕಲಿಸುವಂಥದು. 2006ರಲ್ಲಿ ಇಸ್ರೇಲ್ ಮತ್ತು ಲೆಬನಾನ್‌ಗಳ ನಡುವೆ ಯುದ್ಧ ನಡೆದು ಗಡಿಯ ಎರಡೂ ಬದಿಯ ಮಕ್ಕಳು ಬೆದರಿಹೋಗಿದ್ದರು. ಮನೆ ಬಿಟ್ಟು ಬಂದ ಇಸ್ರೇಲಿನ ಮಕ್ಕಳಿಗೆ ಅವಿ ಸಾದೆ ಎಂಬ ಮನಃಶಾಸ್ತ್ರಜ್ಞರು ಮತ್ತು ಅವರ ಸಹೋದ್ಯೋಗಿಗಳು ಉದ್ದ ಕೈಗಳ ಮೆತ್ತನೆಯ ನಾಯಿಮರಿಯ ಗೊಂಬೆಯನ್ನು ಕೊಟ್ಟರು. ಕೊಡುವಾಗ, ಇದು ನಿನ್ನನ್ನು ಸಮಾಧಾನಪಡಿಸುತ್ತದೆ ಎಂದು ಅವರು ಹೇಳಲಿಲ್ಲ. ಈ ಮರಿ ಮನೆಯಿಂದ ದೂರವಾಗಿ ದುಃಖದಲ್ಲಿದೆ, ಇದಕ್ಕೊಬ್ಬ ಗೆಳೆಯ ಬೇಕು, ನೀನು ನೋಡಿಕೊಳ್ಳುವೆಯಾ ಎಂದು ಕೇಳಿದರು. ಆ ಮರಿಯನ್ನು ಅಕ್ಕರೆಯಿಂದ ನೋಡಿಕೊಂಡ ಮಕ್ಕಳಲ್ಲಿ ಭಯದ ಲಕ್ಷಣಗಳು ಹೆಚ್ಚು ಇಳಿದವೆಂದು 2008ರಲ್ಲಿ ಪ್ರಕಟವಾದ ಅವರ ಲೇಖನ ವರದಿ ಮಾಡಿತು. ಇದರ ಅರ್ಥವನ್ನು ನಾವು ಮನಸ್ಸಿಟ್ಟು ಗ್ರಹಿಸಬೇಕು. ಎಲ್ಲರ ಕರುಣೆಗೆ ಪಾತ್ರವಾದ ಮಗು ತನ್ನ ಕಣ್ಣಿಗೇ ಚಿಕ್ಕದಾಗಿ ಹೋಗಿರುತ್ತದೆ. ಅದೇ ಮಗುವಿಗೆ ತಾನು ಕರುಣೆ ತೋರಬಹುದಾದ ಇನ್ನೊಂದು ಜೀವ ದೊರೆತಾಗ ಅದು ಮತ್ತೆ ತಲೆಯೆತ್ತುತ್ತದೆ. ಪಡೆಯುವವನ ಸ್ಥಾನದಿಂದ ಕೊಡುವವನ ಸ್ಥಾನಕ್ಕೆ ಮಗುವನ್ನು ಏರಿಸುವುದೇ ಗೊಂಬೆಯ ಗುಟ್ಟು.

ಕೈಗೆ ತೊಡುವ ಗೊಂಬೆಗೂ ಬೆರಳಿಗೆ ತೊಡುವ ಗೊಂಬೆಗೂ ಇದಕ್ಕಿಂತ ಮಿಗಿಲಾದ ಇನ್ನೊಂದು ಗುಣವಿದೆ, ಅದು ಮಾತಾಡುತ್ತದೆ. ನಿನಗೆ ಎಲ್ಲಿ ನೋವು ಎಂದು ವೈದ್ಯರು ಕೇಳಿದರೆ ತುಟಿ ಬಿಗಿಯುವ ಮಗು, ಈ ಗೊಂಬೆಗೆ ಎಲ್ಲಿ ನೋವು ಎಂದು ಕೇಳಿದರೆ ಬೆರಳಿಟ್ಟು ತೋರಿಸೀತು. ತಾನು ಹೇಳಲಾರದ್ದನ್ನು ಗೊಂಬೆಯ ಬಾಯಿಂದ ಹೇಳಿಸುವ ಈ ಜಾಣ್ಮೆ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಕಿಳ್ಳೇಕ್ಯಾತರ ತೊಗಲುಗೊಂಬೆಯಾಟವನ್ನು ಕಂಡವರಿಗೆ, ಪರದೆಯ ಹಿಂದೆ ನಿಂತ ಬಡ ಕಲಾವಿದನು ಊರ ದೊಡ್ಡವರ ಮುಂದೆ ತಾನು ಆಡಲಾರದ ಮಾತನ್ನು ಗೊಂಬೆಯಿಂದ ಆಡಿಸುತ್ತಿದ್ದುದು ನೆನಪಿರಬಹುದು. ಆ ಪರಂಪರೆಯನ್ನು ಬದುಕಿನುದ್ದಕ್ಕೂ ಕಾಪಾಡಿದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಗೊಂಬೆಯ ಹಿಂದೆ ನಿಂತು ಮಾತಾಡುವ ಧೈರ್ಯ ಬೇರೆಯೇ ಬಗೆಯದು ಎಂಬುದನ್ನು ಆ ಕಲಾವಿದರು ಬಲ್ಲರು. ನಮ್ಮ ಮಕ್ಕಳೂ ಬಲ್ಲರು.

ಬೆದರಿದ ಮಕ್ಕಳನ್ನು ಕಾಣಲು ನಾವು ದೂರದ ಯುದ್ಧಭೂಮಿಗಳಿಗೆ ಹೋಗಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ರಾತ್ರಿ ಕಳೆದು ಊರುಗಳು ನಿದ್ರೆಗೆ ಜಾರಿದ್ದ ಹೊತ್ತಿನಲ್ಲಿ, ನಾಲ್ಕು ಗಂಟೆಗೆ ಇನ್ನು ನಾಲ್ಕು ನಿಮಿಷವಿರುವಾಗ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ನೆಲ ನಡುಗಿತು. ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳೂ ಮಣ್ಣು ಹೇರಿದ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದು ಸಾವಿರಾರು ಜನ ಮಡಿದರು. ಕೆಲವು ಲೆಕ್ಕಗಳಂತೆ ಸತ್ತವರ ಸಂಖ್ಯೆ 10,000ದ ಆಸುಪಾಸಿನದು. ಬಸವಕಲ್ಯಾಣ ತಾಲೂಕು ಆ ಜಿಲ್ಲೆಗಳಿಗೆ ಅಂಟಿಕೊಂಡಿದೆ. ಮಂಠಾಳ ಹೋಬಳಿಯ ಹಳೆಯ ಮನೆಗಳ ಗೋಡೆಗಳೂ ಮಾಳಿಗೆಗಳೂ ಅದೇ ಬಗೆಯವು. ಆ ನಡುಕವನ್ನು ಅನುಭವಿಸಿದ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಆ ದುರಂತದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳ ನೆರವಿಗೆ ಬಂದವರಲ್ಲಿ ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುಥಾ ಅವರ ಹೆಸರನ್ನು ಗೌರವದಿಂದ ನೆನೆಯಬೇಕು. ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ವಸತಿ ಮತ್ತು ಶಿಕ್ಷಣದ ಹೊಣೆಯನ್ನು ಅವರ ಸಂಸ್ಥೆ ಹೊತ್ತಿತು. ಒಂದು ದಿನದ ಔದಾರ್ಯಕ್ಕೂ ವರ್ಷಗಟ್ಟಲೆಯ ಹೊಣೆಗಾರಿಕೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರುವ ಉದಾಹರಣೆ ನಮ್ಮ ನೆರೆಯಲ್ಲಿ ಸಿಗಲಾರದು.

ಭೂಕಂಪ ದಿನವೂ ಸಂಭವಿಸುವುದಿಲ್ಲ, ನಿಜ. ಆದರೆ ಚಿಕ್ಕ ಚಿಕ್ಕ ಕಂಪನಗಳು ನಮ್ಮ ಮಕ್ಕಳ ಬಾಳಿನಲ್ಲಿ ದಿನವೂ ಉಂಟಾಗುತ್ತಿವೆ. ಹೈದರಾಬಾದ್, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದ ತಂದೆತಾಯಿಯರ ಹಾದಿ ಕಾಯುತ್ತ ಅಜ್ಜಿಯ ಬಳಿ ಉಳಿದ ಮಗು, ಕುಡಿದು ಬಂದ ತಂದೆಯ ಹೆಜ್ಜೆಯ ಸದ್ದಿಗೆ ಮೂಲೆ ಸೇರುವ ಮಗು, ಜ್ವರದಿಂದ ಆಸ್ಪತ್ರೆಯ ಮಂಚದ ಮೇಲೆ ಅಪರಿಚಿತರ ನಡುವೆ ಮಲಗಿದ ಮಗು, ಮನೆಯಿಂದ ದೂರದ ವಸತಿನಿಲಯದಲ್ಲಿ ಮೊದಲ ರಾತ್ರಿ ಕಳೆಯುವ ಮಗು, ಇವರೆಲ್ಲರೂ ನಮ್ಮ ಬೀದಿಗಳಲ್ಲಿ, ನಮ್ಮ ತಾಂಡಾಗಳಲ್ಲಿ ಇದ್ದಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಗೊಂಬೆ ಔಷಧವಲ್ಲ. ಹಸಿದ ಮಗುವಿಗೆ ಅನ್ನದ ಬದಲು, ಕಾಯಿಲೆಯ ಮಗುವಿಗೆ ಚಿಕಿತ್ಸೆಯ ಬದಲು, ಹಿಂಸೆಗೊಳಗಾದ ಮಗುವಿಗೆ ರಕ್ಷಣೆಯ ಬದಲು ಗೊಂಬೆಯನ್ನು ಕೊಟ್ಟು ಕೈತೊಳೆದುಕೊಳ್ಳುವುದು ಪಾಪವೇ ಸರಿ. ಅಪಾಯದಲ್ಲಿರುವ ಮಗುವನ್ನು ಕಂಡವರು ಮೊದಲು ಮಾಡಬೇಕಾದುದು 1098 ಸಂಖ್ಯೆಗೆ ಕರೆ. ಆದರೆ ಒಂದು ಇನ್ನೊಂದರ ವೈರಿಯಲ್ಲ. ಕೆನಡಾದ ಐಕ್ರಾಸ್ ಸಂಸ್ಥೆಯವರು ಬಡ ದೇಶಗಳಿಗೆ ಔಷಧಗಳ ಪೆಟ್ಟಿಗೆಗಳನ್ನು ಕಳುಹಿಸುವಾಗ, ಬಾಟಲಿಗಳು ಒಡೆಯದಂತೆ ನಡುವೆ ತುರುಕಲು ಕಾಗದದ ಬದಲು ಇಜ್ಜಿ ಗೊಂಬೆಗಳನ್ನು ಬಳಸಿದರು. ಔಷಧವನ್ನು ಗೊಂಬೆ ಕಾಯಿತು. ಗೊಂಬೆಯನ್ನು ಮಗುವಿನವರೆಗೆ ಔಷಧದ ಪೆಟ್ಟಿಗೆ ಹೊತ್ತು ತಂದಿತು. ಸಾಂತ್ವನಕ್ಕೂ ಚಿಕಿತ್ಸೆಗೂ ಇರಬೇಕಾದ ಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೇ?

ಇನ್ನು ನಮ್ಮ ಮನಸ್ಸಿಗೆ ಕಹಿಯಾದರೂ ಹೇಳಲೇಬೇಕಾದ ಮಾತು. ದಾನವು ಬಹುಬೇಗ ಕೊಡುವವನ ಕನ್ನಡಿಯಾಗಿಬಿಡುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಗಳಿಂದ ಹಳೆಯ ಬಟ್ಟೆಗಳ ಲಾರಿಗಳು ಹರಿದುಬಂದವು. ಅವುಗಳಲ್ಲಿ ಎಷ್ಟೋ ಬಟ್ಟೆಗಳು ಯಾರೂ ಉಡಲಾರದಂಥವಾಗಿ ರಸ್ತೆಬದಿಯಲ್ಲಿ ರಾಶಿ ಬಿದ್ದವು. ಆ ರಾಶಿಗಳನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸವನ್ನು ಗೂಂಜ್ ಎಂಬ ಸಂಸ್ಥೆ ಕೈಗೊಳ್ಳಬೇಕಾಯಿತು. ಕಳುಹಿಸಿದವರು ತಮ್ಮ ಕಪಾಟನ್ನು ಖಾಲಿ ಮಾಡಿಕೊಂಡರು, ತೃಪ್ತಿಯನ್ನೂ ಪಡೆದರು. ಎಲ್ಲವನ್ನೂ ಕಳೆದುಕೊಂಡ ಮೀನುಗಾರ ಕುಟುಂಬಕ್ಕೆ ಏನು ಬೇಕೆಂದು ಕೇಳಿದವರು ಕಡಿಮೆ. ನೂಲಿನ ಗೊಂಬೆಗೂ ಇದೇ ಗತಿ ಬಾರದೆಂದು ಹೇಳುವವರಾರು? ನೂರು ಗೊಂಬೆಗಳನ್ನು ಹೆಣೆದು, ಮೇಜಿನ ಮೇಲೆ ಜೋಡಿಸಿ, ಅತಿಥಿಗಳನ್ನು ಕರೆದು, ವೇದಿಕೆಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನು ಕೊಡುವಾಗ ಚಿತ್ರ ತೆಗೆಸಿಕೊಂಡರೆ ಆ ಗೊಂಬೆ ಯಾರದಾಯಿತು? ಮಗುವಿನದಲ್ಲ, ನಮ್ಮದು.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯೂ ಅಲ್ಲ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಮೊದಲಾಗಿ ಗುರುತು ಹತ್ತುವ ಯಾವ ವಿವರವನ್ನೂ ಮಾಧ್ಯಮಗಳಲ್ಲಿ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ವಿಧಿಸುತ್ತದೆ. ಮೀರಿದವರಿಗೆ 6 ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾಯಿದೆಗಿಂತ ಮೊದಲೇ ಶುಭಸಂದೇಶವು ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮಗೆ ಕಲಿಸಿದೆ. ಗೊಂಬೆಯ ಬೆನ್ನಿಗೆ ಧರ್ಮಕೇಂದ್ರದ ಹೆಸರಿನ ಚೀಟಿಯನ್ನು ಹೊಲಿಯುವುದೂ ಬೇಡ, ಕೊರಳಿಗೆ ಪದಕವನ್ನು ಕಟ್ಟುವುದೂ ಬೇಡ. ಆಸ್ಪತ್ರೆಯ ಮಗು ಯಾವ ಮನೆಯದೋ, ಯಾವ ದೇವರಿಗೆ ಕೈಮುಗಿಯುವುದೋ ನಾವು ಕೇಳಬೇಕಾಗಿಲ್ಲ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2005ರ ಕ್ರಿಸ್ತಜಯಂತಿಯಂದು ಸಹಿ ಹಾಕಿದ ತಮ್ಮ ಮೊದಲ ವಿಶ್ವಪತ್ರದಲ್ಲಿ, ಪ್ರೇಮದ ಸೇವೆಯು ಬೇರೆ ಗುರಿಗಳನ್ನು ಸಾಧಿಸುವ ಉಪಾಯವಾಗಬಾರದೆಂದು ನೇರವಾಗಿ ತಿಳಿಸಿದ್ದಾರೆ. ಕಥೋಲಿಕರ ಸಂಖ್ಯೆ ದೊಡ್ಡದಲ್ಲದ ಈ ಸೀಮೆಯಲ್ಲಿ, ನೆರೆಹೊರೆಯವರ ವಿಶ್ವಾಸವೇ ನಮ್ಮ ಬಲವಾಗಿರುವಲ್ಲಿ, ಆ ಮಾತನ್ನು ನಾವು ಇಮ್ಮಡಿಯಾಗಿ ಪಾಲಿಸಬೇಕು.

ಹೆಣೆಯಲು ಮನಸ್ಸು ಮಾಡಿದವರಿಗೆ ಕೆಲವು ವ್ಯಾವಹಾರಿಕ ಸೂಚನೆಗಳು. ಹೊಸ ನೂಲನ್ನೇ ಬಳಸಿರಿ. ಬಣ್ಣ ಬಿಡದ, ಸಾಬೂನಿನ ನೀರಿನಲ್ಲಿ ಒಗೆಯಬಹುದಾದ ಹತ್ತಿಯ ಅಥವಾ ಕೃತಕ ಉಣ್ಣೆಯ ನೂಲು ಉತ್ತಮ. ಚುಚ್ಚುವ ಒರಟು ಉಣ್ಣೆ ಎಳೆಯ ಚರ್ಮಕ್ಕೆ ಹಿಡಿಸದು. 50 ಗ್ರಾಮಿನ ಒಂದು ಉಂಡೆ ಕೈಗೊಂಬೆಯೊಂದಕ್ಕೆ ಸಾಮಾನ್ಯವಾಗಿ ಸಾಕು. ಬೆರಳುಗೊಂಬೆಗಳಿಗೆ ಮನೆಯಲ್ಲಿ ಉಳಿದ ತುಂಡು ನೂಲುಗಳೂ ಆದೀತು. ಕಣ್ಣಿಗಾಗಿ ಗುಂಡಿಯನ್ನಾಗಲಿ ಮಣಿಯನ್ನಾಗಲಿ ಕನ್ನಡಿಯ ಚೂರನ್ನಾಗಲಿ ಎಂದಿಗೂ ಹೊಲಿಯಬಾರದು. ಮಗು ಅದನ್ನು ಕಚ್ಚಿ ಕಿತ್ತು ನುಂಗಿದರೆ ಸಾಂತ್ವನಕ್ಕೆಂದು ಕೊಟ್ಟದ್ದು ಉಸಿರಿಗೆ ಎರವಾದೀತು. ಕಣ್ಣು, ಮೂಗು, ಬಾಯಿಗಳನ್ನು ದಾರದಿಂದಲೇ ಕಸೂತಿ ಮಾಡಿರಿ. ಉದ್ದನೆಯ ದಾರಗಳು ನೇತಾಡದಿರಲಿ. ಬೆರಳುಗೊಂಬೆಗಳನ್ನು ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡದಿರುವುದೇ ಲೇಸು. ಅವರಿಗೆ ಅಪ್ಪಿಕೊಳ್ಳುವಷ್ಟು ದೊಡ್ಡ ಗೊಂಬೆ ತಕ್ಕುದು. ತುಂಬಿದ ಹತ್ತಿ ಹೊರಬಾರದಂತೆ ಹೊಲಿಗೆ ಬಿಗಿಯಾಗಿರಲಿ. ಹೆಣೆದು ಮುಗಿದ ಮೇಲೆ ಒಗೆದು, ಬಿಸಿಲಿಗೆ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಇರಿಸಬೇಕು. ಆಸ್ಪತ್ರೆಯಲ್ಲಿ ಒಂದೇ ಗೊಂಬೆ ಹಾಸಿಗೆಯಿಂದ ಹಾಸಿಗೆಗೆ ತಿರುಗಿದರೆ ಸಾಂತ್ವನದೊಡನೆ ರೋಗವೂ ತಿರುಗುತ್ತದೆ. ಆದುದರಿಂದ ಒಂದು ಗೊಂಬೆ ಒಂದೇ ಮಗುವಿಗೆ. ಅದು ಮನೆಗೆ ಹೋಗುವಾಗ ಗೊಂಬೆಯೂ ಜೊತೆಗೆ ಹೋಗಬೇಕು.

ಗೊಂಬೆಯ ಮುಖವನ್ನು ಕುರಿತೂ ಒಂದು ವಿನಂತಿ. ಅಂಗಡಿಯ ಗೊಂಬೆಗಳ ಬಿಳಿಯ ಕೆನ್ನೆಯೂ ಹೊಂಬಣ್ಣದ ಕೂದಲೂ ನಮ್ಮ ಮಕ್ಕಳ ಕಣ್ಣಿಗೆ ಎಷ್ಟೋ ಕಾಲದಿಂದ ಸುಂದರತೆಯ ಏಕೈಕ ಮಾದರಿಯಾಗಿ ಕುಳಿತಿವೆ. ನಾವು ಹೆಣೆಯುವ ಗೊಂಬೆಗೆ ನಮ್ಮ ಮಣ್ಣಿನ ಬಣ್ಣವಿರಲಿ. ಕಪ್ಪು ಜಡೆ, ಲಂಗ, ಧೋತರ, ರುಮಾಲು ಇರಲಿ. ತಾಂಡಾದ ಬಾಲೆಗೆ ತನ್ನ ತಾಯಿಯ ಉಡುಪಿನ ಬಣ್ಣಗಳು ಗೊಂಬೆಯಲ್ಲಿ ಕಂಡರೆ ಅದರೊಡನೆ ಮಾತು ಬೇಗ ಮೊದಲಾದೀತು. ಆ ತಾಯಂದಿರು ಸೂಜಿದಾರಗಳಲ್ಲಿ ನಮಗಿಂತ ಎಷ್ಟೋ ಪಾಲು ನುರಿತವರು. ಅವರನ್ನು ಕೇಳಿ ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ಅವರಿಂದ ಗೊಂಬೆಗಳನ್ನು ಮಾಡಿಸಿಕೊಳ್ಳುವುದಾದರೆ ನ್ಯಾಯವಾದ ಕೂಲಿಯನ್ನು ಕೊಡಲೇಬೇಕು. ಬಡವರ ಬಿಟ್ಟಿ ದುಡಿಮೆಯಿಂದ ನಡೆಯುವ ದಾನ ದಾನವಲ್ಲ. ಹುಮನಾಬಾದಿನ ಆರ್ಬಿಟ್ ಸಂಸ್ಥೆ ಈ ಜಿಲ್ಲೆಯ ಹಳ್ಳಿಗಳ ಮಹಿಳೆಯರ ಸ್ವಸಹಾಯ ಗುಂಪುಗಳ ನಡುವೆ ದುಡಿದಿದೆ. ಒಟ್ಟಾಗಿ ಕುಳಿತು ಕೆಲಸ ಮಾಡುವ ರೂಢಿ ನಮ್ಮ ಮಹಿಳೆಯರಿಗೆ ಹೊಸದಲ್ಲ.

ನಾವು ನಿಂತಿರುವ ನೆಲವಾದರೂ ಯಾವುದು? ಹನ್ನೆರಡನೆಯ ಶತಮಾನದ ಕಲ್ಯಾಣ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯ, ಕದಿರು ತಿರುಗಿಸಿ ನೂಲು ತೆಗೆದ ಕದಿರ ರೆಮ್ಮವ್ವೆ, ಬಟ್ಟೆ ಹೊಲಿದ ಸೂಜಿಕಾಯಕದ ರಾಮಿತಂದೆ ಇಂಥ ಶರಣರ ಹೆಸರುಗಳು ನಮ್ಮ ನೆರೆಯವರ ನಾಲಗೆಯ ಮೇಲೆ ಇಂದಿಗೂ ಇವೆ. ಆ ಶರಣರು ಕಾಯಕದ ಜೊತೆಯಲ್ಲಿ ದಾಸೋಹವೆಂಬ ಮಾತನ್ನು ನಾಡಿಗೆ ಕೊಟ್ಟರು. ದಾನಕ್ಕೂ ದಾಸೋಹಕ್ಕೂ ಭೇದವಿದೆ. ದಾನಿಯು ಮೇಲೆ ನಿಂತು ಕೈಚಾಚುತ್ತಾನೆ. ದಾಸೋಹಿಯು ತಾನು ಸೇವಕನೆಂದು ಕೆಳಗೆ ನಿಂತು ಅರ್ಪಿಸುತ್ತಾನೆ. ಕೈಗೆ ಗೊಂಬೆಯಿತ್ತು ಮರೆಗೆ ಸರಿಯುವವರು ದಾನಿಗಳಾಗಿಯಲ್ಲ, ದಾಸೋಹಿಗಳಾಗಿ ನಡೆದುಕೊಂಡಂತೆ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಯೊಪ್ಪ ಊರಿನ ತಬಿಥಾ ಎಂಬ ಮಹಿಳೆಯೂ ಇಂಥವಳೇ. ಆಕೆ ಸತ್ತಾಗ ಊರ ವಿಧವೆಯರು ಸಂತ ಪೇತ್ರರ ಸುತ್ತ ನೆರೆದು ಅಳುತ್ತ, ಆಕೆ ತಮಗಾಗಿ ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸಿದರು. ಗಮನಿಸಿ ನೋಡಿದರೆ ಆ ಅಧ್ಯಾಯದಲ್ಲಿ ತಬಿಥಾ ಒಂದು ಮಾತನ್ನೂ ಆಡುವುದಿಲ್ಲ. ಆಕೆಯ ಪರವಾಗಿ ಆಕೆ ಹೊಲಿದ ಬಟ್ಟೆಗಳು ಮಾತಾಡುತ್ತವೆ, ಅದೂ ಪಡೆದವರ ಕೈಗಳಿಂದ.

ಆದುದರಿಂದ ನಮ್ಮ ಕುಟುಂಬಗಳ ಮುಂದೆ ಒಂದು ಚಿಕ್ಕ ಸಲಹೆಯನ್ನಿಡುತ್ತೇವೆ. ಈ ಆಗಮನ ಕಾಲದಲ್ಲಿ ಪ್ರತಿ ಮನೆಯವರು ಒಂದೇ ಒಂದು ಗೊಂಬೆಯನ್ನು ಹೆಣೆಯಲಿ. ನೂರರ ಗುರಿ ಬೇಡ, ಸ್ಪರ್ಧೆ ಬೇಡ, ಬಹುಮಾನ ಬೇಡ. ಹೆಣಿಗೆ ಬಲ್ಲ ಅಜ್ಜಿಯು ಮೊಮ್ಮಗಳಿಗೂ ಮೊಮ್ಮಗನಿಗೂ ಕಲಿಸಲಿ. ಗಂಡುಮಕ್ಕಳ ಬೆರಳಿಗೂ ಹೆಣಿಗೆ ಒಗ್ಗುತ್ತದೆ. ಸಂಜೆ ಜಪಸರದ ನಂತರ ಅರ್ಧ ಗಂಟೆ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿರಿಸಿ ಎಲ್ಲರೂ ಒಂದೆಡೆ ಕುಳಿತರೆ ಗೊಂಬೆಯ ಜೊತೆಗೆ ಮನೆಯೂ ಒಂದಿಷ್ಟು ಹೆಣೆದುಕೊಂಡೀತು. ಹೆಣೆಯುವಾಗ ಮಕ್ಕಳೊಡನೆ ಭಯದ ಬಗ್ಗೆ ಮಾತಾಡಿರಿ. ನಿನಗೆ ಯಾವಾಗ ಹೆದರಿಕೆಯಾಗಿತ್ತು, ಆಗ ಯಾರು ನಿನ್ನ ಕೈಹಿಡಿದರು ಎಂದು ಕೇಳಿರಿ. ನಮ್ಮದೇ ಮನೆಯ ಮಗುವಿನ ಬಾಯಿಂದ ನಾವು ಎಂದೂ ಕೇಳದ ಮಾತು ಆ ಹೊತ್ತಿನಲ್ಲಿ ಹೊರಬಂದರೆ ಅಚ್ಚರಿಪಡಬೇಕಾಗಿಲ್ಲ.

ಗೊಂಬೆಗಳನ್ನು ಕೊಡುವ ಮೊದಲು ಆಸ್ಪತ್ರೆಯ ಮಕ್ಕಳ ವೈದ್ಯರನ್ನು, ದಾದಿಯರನ್ನು, ವಸತಿನಿಲಯದ ಮೇಲ್ವಿಚಾರಕರನ್ನು ಭೇಟಿಯಾಗಿ ಇವು ನಿಮಗೆ ಬೇಕೇ, ಎಷ್ಟು ಬೇಕು, ಯಾವಾಗ ಬೇಕು ಎಂದು ಕೇಳಬೇಕು. ಬೇಡವೆಂದರೆ ಬೇಸರಪಡದೆ ಮರಳಬೇಕು. ಬೇಕೆಂದರೆ ಅವರ ಕೈಗೇ ಒಪ್ಪಿಸಿ ಬರಬೇಕು. ಇಂಜೆಕ್ಷನ್ನಿನ ಕ್ಷಣದಲ್ಲಿ, ಕತ್ತಲಿನ ಮೊದಲ ರಾತ್ರಿಯಲ್ಲಿ ಮಗುವಿನ ಬಳಿ ಇರುವವರು ಅವರೇ ಹೊರತು ನಾವಲ್ಲ. ಡಿಸೆಂಬರ್ 28ರಂದು ಧರ್ಮಸಭೆಯು ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಮುಗ್ಧ ಶಿಶುಗಳನ್ನು ಸ್ಮರಿಸುತ್ತದೆ. ಅಂದಿಗೆ ಈ ಕೆಲಸ ಮುಗಿಯುವಂತೆ ಯೋಜಿಸಿದರೆ ಆ ಸ್ಮರಣೆಗೆ ಅದು ತಕ್ಕ ಅರ್ಪಣೆಯಾದೀತು. ಮುಗಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಅದು ನಮ್ಮ ಬೀದಿಯ ಮಕ್ಕಳಲ್ಲಿ ಯಾರು ಶಾಲೆ ಬಿಟ್ಟರು, ಯಾರ ಮನೆಯಲ್ಲಿ ಒಲೆ ಉರಿಯಲಿಲ್ಲ ಎಂದು ವರ್ಷವಿಡೀ ಕಣ್ಣಿಟ್ಟಿರುವುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಬಡವರನ್ನು ಅವರವರ ಮನೆಗೇ ಹೋಗಿ ಕಾಣುವುದನ್ನು ನಿಯಮವಾಗಿ ಮಾಡಿಕೊಂಡುದು ಇದಕ್ಕಾಗಿಯೇ. ಗೊಂಬೆಯು ಆ ಹಾದಿಯ ಮೊದಲ ಹೆಜ್ಜೆ, ಕೊನೆಯದಲ್ಲ.

ನಾವು ಹೆಣೆದ ಗೊಂಬೆ ಮುಂದೇನಾಯಿತೆಂದು ನಮಗೆ ತಿಳಿಯಲಾರದು. ಮಗು ಅದಕ್ಕೆ ಬೇರೆ ಹೆಸರಿಟ್ಟೀತು, ಎಣ್ಣೆಯ ಕೈಯಿಂದ ಮುಟ್ಟಿ ಬಣ್ಣಗೆಡಿಸೀತು, ಒಂದು ಕಾಲು ಕಿತ್ತುಹೋದ ಮೇಲೂ ತಲೆದಿಂಬಿನ ಕೆಳಗೆ ಅಡಗಿಸಿಟ್ಟೀತು. ಅಷ್ಟರ ಹೊತ್ತಿಗೆ ಅದನ್ನು ಹೆಣೆದವರಾರೆಂಬುದು ಯಾರಿಗೂ ನೆನಪಿರುವುದಿಲ್ಲ. ಆಗಲೇ ಅದು ಪೂರ್ತಿಯಾಗಿ ಆ ಮಗುವಿನದಾಯಿತೆಂದು ತಿಳಿಯೋಣ.